ಪದಚರ್ಚೆ: ಪರದೇಶಿಯೋ ವಲಸಿಗನೋ? ಸುವಾರ್ತೆ ಸಾರುವುದೋ ಹಂಚಿಕೊಳ್ಳುವುದೋ?

ಬಲ್ಲವರಿಗೆಲ್ಲ ನಮಸ್ಕಾರ.

ಯುರೋಪ್, ಅಮೆರಿಕಗಳಿಗೆ ಬರುವ ಮುಸ್ಲಿಂ ವಲಸಿಗರ ಬಗ್ಗೆ ಅಲ್ಲಿನ ಕ್ರೈಸ್ತರು ಏನೇನು ಹೇಳುತ್ತಾರೆ, ಅವರಿಗೆ ಸುವಾರ್ತೆ (ಯೇಸುವಿನ ಶುಭ ಸಂದೇಶ) ತಿಳಿಸುವ ವಿಚಾರದಲ್ಲಿ ಹೇಗೆ ಜಗಳವಾಡುತ್ತಾರೆ ಎಂಬ ಬರಹವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ವಾದಗಳೇನೋ ಸಲೀಸಾಗಿ ಬಂದವು. ತೊಡಕಾಗಿರುವುದು ಎರಡೇ ಪದ: 'ಸ್ಟ್ರೇಂಜರ್' (ಹೊರಗಿನವನು) ಮತ್ತು 'ಶೇರ್' (ಹಂಚಿಕೊಳ್ಳುವುದು). ಮೂರು ದಿನದಿಂದ ಬರೆಯುವುದು, ಹೊಡೆದುಹಾಕುವುದು, ಇದೇ ಆಗಿದೆ.

ವಲಸಿಗರಿಗೆ ಬಾಗಿಲು ತೆರೆಯಬೇಕು ಅನ್ನುವವರು ಮೊದಲು ಎತ್ತುವುದು ಬೈಬಲಿನ ಮತ್ತಾಯ ಪುಸ್ತಕದ 25ನೇ ಅಧ್ಯಾಯವನ್ನು. ಹಸಿದಿದ್ದೆ, ಊಟ ಕೊಟ್ಟಿರಿ. ಪರದೇಶಿಯಾಗಿದ್ದೆ, ಸೇರಿಸಿಕೊಂಡಿರಿ ಎಂದು ಯೇಸು ಹೇಳುವ ಭಾಗ. ಕನ್ನಡ ಬೈಬಲ್ ಓದಿದವರಿಗೆ 'ಪರದೇಶಿ' ಹೊಸದಲ್ಲ. ಆದರೆ ಆಡುಮಾತಿನಲ್ಲಿ ಈ ಪದದಿಂದ ದೇಶವೇ ಕಳಚಿಬಿದ್ದಿದೆ. 'ಅಪ್ಪ ಅಮ್ಮ ಹೋದಮೇಲೆ ಪರದೇಸಿಯಾದ' ಅಂದರೆ ಅವನು ಗಡಿ ದಾಟಿದ ಅಂತಲ್ಲ, ದಿಕ್ಕಿಲ್ಲದವನಾದ ಅಂತ. ಮತ್ತಾಯನ ಮಾತಿಗೆ ಆ ಕರುಣೆಯ ಎಳೆ ಚೆನ್ನಾಗಿಯೇ ಒಪ್ಪುತ್ತದೆ. ವೀಸಾ ಹಿಡಿದು, ಕೆಲಸ ಗೊತ್ತುಮಾಡಿಕೊಂಡು ವಿಮಾನ ಇಳಿಯುವ ಎಂಜಿನಿಯರನನ್ನು ಪರದೇಶಿ ಅಂದರೆ ಮಾತ್ರ ಅವನಿಗೂ ಅವಮಾನ, ಓದುಗನಿಗೂ ಗಲಿಬಿಲಿ.

ಹಾಗಂತ ಎಲ್ಲ ಕಡೆ 'ವಲಸಿಗ' ಎಂದು ಹಾಕಿದರೆ ವಾದದ ಒಂದು ಕಾಲೇ ಮುರಿಯುತ್ತದೆ. ಯಾಕೆಂದರೆ ಬೈಬಲಿನ ಹಳೆ ಒಡಂಬಡಿಕೆಯ ಹೀಬ್ರೂ ಮೂಲದಲ್ಲಿ ಹೊರಗಿನವನಿಗೆ ಒಂದೇ ಪದವಿಲ್ಲ. 'ಗೇರ್' ಅಂದರೆ ಬಂದು ನಮ್ಮ ನಡುವೆ ನೆಲೆನಿಂತವನು. 'ನೊಖ್ರಿ' ಅಂದರೆ ಹೊರನಾಡಿನವನು, ಹೊರಗಿನವನಾಗಿಯೇ ಉಳಿದವನು. ಧರ್ಮೋಪದೇಶಕಾಂಡ 14:21 ನೋಡಿ: ತಾನಾಗಿ ಸತ್ತ ಪ್ರಾಣಿಯನ್ನು ನೀವು ತಿನ್ನಬಾರದು, ಊರೊಳಗಿರುವ ಗೇರ್‌ಗೆ ಕೊಡಬಹುದು, ನೊಖ್ರಿಗೆ ಮಾರಬಹುದು. ಒಬ್ಬನಿಗೆ ಸುಮ್ಮನೆ, ಇನ್ನೊಬ್ಬನಿಗೆ ದುಡ್ಡಿಗೆ! ಅದೇ ಪುಸ್ತಕದ 23ನೇ ಅಧ್ಯಾಯದಲ್ಲಿ ನೊಖ್ರಿಯಿಂದ ಬಡ್ಡಿ ತೆಗೆದುಕೊಳ್ಳಬಹುದು ಎಂದೂ ಇದೆ. ಆದರೆ ಯಾಜಕಕಾಂಡ 19:34 'ನಿನ್ನಂತೆಯೇ ಪ್ರೀತಿಸು' ಅನ್ನುವುದು ಗೇರ್ ಬಗ್ಗೆ.

ಅಮೆರಿಕದಲ್ಲಿ ಬಿಗಿಯಾದ ವಲಸೆ ಕಾನೂನು ಬೇಕೆನ್ನುವ ಕೆಲವು ಬೈಬಲ್ ಪಂಡಿತರು ಹಿಡಿದಿರುವುದು ಈ ವ್ಯತ್ಯಾಸವನ್ನೇ. ಗೇರ್ ಅಂದರೆ ಅಪ್ಪಣೆ ಪಡೆದು ನೆಲೆಸಿದವನು, ಆದ್ದರಿಂದ ಆ ವಚನ ಕಾನೂನು ಮೀರಿ ಬಂದವನಿಗೆ ಅನ್ವಯಿಸದು ಎಂಬುದು ಅವರ ವಾದ. ಆ ಕಾಲದಲ್ಲಿ ಕಾಗದಪತ್ರ ಎಲ್ಲಿತ್ತು, ಇಂದಿನ ವೀಸಾವನ್ನು ಹೀಬ್ರೂ ಪದದೊಳಕ್ಕೆ ತುರುಕುತ್ತಿದ್ದೀರಿ ಎಂದು ಎದುರಿನವರು. ನನಗೆ ಎದುರಿನವರ ಮಾತೇ ಹೆಚ್ಚು ಸರಿ ಕಾಣುತ್ತದೆ, ಅದಿರಲಿ. ಕನ್ನಡದಲ್ಲಿ ಎರಡಕ್ಕೂ 'ಪರದೇಶದವನು' ಅಂದುಬಿಟ್ಟರೆ ಅವರು ಯಾವುದಕ್ಕೆ ಕಚ್ಚಾಡುತ್ತಿದ್ದಾರೆ ಎಂಬುದೇ ಓದುಗನಿಗೆ ತಿಳಿಯುವುದಿಲ್ಲ. ಗೇರ್‌ಗೆ 'ನೆಲೆಸಿದವನು', ನೊಖ್ರಿಗೆ 'ಹೊರನಾಡಿಗ' ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

'ನಿರಾಶ್ರಿತ'ದ ಕಥೆ ಬೇರೆ. ಪೋಪ್ ಫ್ರಾನ್ಸಿಸ್ 2016ರ ಏಪ್ರಿಲ್‌ನಲ್ಲಿ ಗ್ರೀಸಿನ ಲೆಸ್ಬೋಸ್ ದ್ವೀಪದಿಂದ 12 ಮಂದಿ ಸಿರಿಯನ್ನರನ್ನು ತಮ್ಮ ವಿಮಾನದಲ್ಲೇ ರೋಮ್‌ಗೆ ಕರೆತಂದರು. ಹನ್ನೆರಡೂ ಜನ ಮುಸ್ಲಿಮರು. ಆಶ್ರಯ ಸಿಕ್ಕಮೇಲೂ ಅವರನ್ನು ನಿರಾಶ್ರಿತರು ಅನ್ನುತ್ತಲೇ ಇರಬೇಕೇ? ಪದ ಎಷ್ಟು ರೂಢಿಯಾಗಿದೆಯೆಂದರೆ ಈ ಪ್ರಶ್ನೆಯೇ ಕೊಂಕಾಗಿ ಕೇಳಿಸಬಹುದು, ಬಿಟ್ಟುಬಿಡುತ್ತೇನೆ.

ಇನ್ನೊಂದು ಸ್ವಾರಸ್ಯ. ಪೇತ್ರನ ಮೊದಲ ಪತ್ರ (2:11) ಕ್ರೈಸ್ತರನ್ನೇ ಈ ಲೋಕದಲ್ಲಿ ಪ್ರವಾಸಿಗಳು, ಪರದೇಶಸ್ಥರು ಎಂದು ಕರೆಯುತ್ತದೆ. ಇಂದಿನ ಕಿವಿಗೆ 'ಪ್ರವಾಸಿ' ಅಂದರೆ ಕ್ಯಾಮೆರಾ ನೇತುಹಾಕಿಕೊಂಡವನು, ಅದು ಪೇತ್ರನ ತಪ್ಪಲ್ಲ. ಅಲ್ಲಿನ ಗ್ರೀಕ್ ಪದ 'ಪಾರೊಯ್ಕೊಸ್'; ಅದರ ಬಳಗದಿಂದಲೇ 'ಪ್ಯಾರಿಷ್' (ಒಂದು ಚರ್ಚಿಗೆ ಸೇರಿದ ಸಮುದಾಯ) ಹುಟ್ಟಿದ್ದು. ಅಂದರೆ ಪ್ಯಾರಿಷ್ ಅನ್ನುವುದು ಮೂಲದಲ್ಲಿ ಪರಊರಿನಲ್ಲಿ ತಂಗಿರುವವರ ಗುಂಪು. ವಲಸಿಗರು ನಮ್ಮ ಪ್ಯಾರಿಷ್‌ನ ಚಹರೆ ಕೆಡಿಸುತ್ತಾರೆ ಎಂದು ಯಾರಾದರೂ ಬರೆದಾಗ ನನಗೆ ಇದು ನೆನಪಾಗುತ್ತದೆ. ಇಸ್ಲಾಮಿನಲ್ಲೂ ವಲಸೆಗೆ ದೊಡ್ಡ ಸ್ಥಾನವಿದೆ: 622ರ ಹಿಜ್ರತ್‌ನಿಂದಲೇ (ಪ್ರವಾದಿ ಮುಹಮ್ಮದರು ಮಕ್ಕಾದಿಂದ ಮದೀನಾಕ್ಕೆ ಹೋದದ್ದು) ಅವರ ಶಕೆ ಶುರು, ವಲಸೆ ಬಂದವನು 'ಮುಹಾಜಿರ್'. ಅದಕ್ಕೂ ಮೊದಲು ಮಕ್ಕಾದ ಕಿರುಕುಳ ತಾಳದೆ ಮುಸ್ಲಿಮರ ಒಂದು ಗುಂಪು ಅಬಿಸೀನಿಯಕ್ಕೆ (ಇಂದಿನ ಇಥಿಯೋಪಿಯ ಕಡೆ) ಹೋದಾಗ ಆಶ್ರಯ ಕೊಟ್ಟವನು ಅಲ್ಲಿನ ಕ್ರೈಸ್ತ ದೊರೆ ನಜಾಶಿ. ಅವನ ಮುಂದೆ ಕುರಾನಿನ ಮರ್ಯಮ್ ಅಧ್ಯಾಯ ಓದಿದಾಗ ಕಣ್ಣೀರಿಟ್ಟ ಎಂದು ಮುಸ್ಲಿಂ ಪರಂಪರೆ ಹೇಳುತ್ತದೆ. ಈ ಪ್ರಸಂಗವನ್ನು ಅನುವಾದಿಸುವಾಗ ಮಾತ್ರ ಯಾವ ಪದಕ್ಕೂ ತಡವರಿಸಲಿಲ್ಲ.

ಈಗ 'ಶೇರ್'. ಚರ್ಚಿನ ಯುವಕರು 'ಸುವಾರ್ತೆ ಹಂಚಿಕೊಳ್ಳುವುದು' ಅನ್ನುತ್ತಾರೆ. ಕನ್ನಡದಲ್ಲಿ ಹಂಚಿಕೊಂಡರೆ ನನ್ನ ಪಾಲು ಕಡಿಮೆಯಾಗಬೇಕು: ರೊಟ್ಟಿ ಹಂಚಿಕೊಳ್ಳುತ್ತೇವೆ, ಆಸ್ತಿ ಹಂಚಿಕೊಳ್ಳುತ್ತೇವೆ. ಬೈಬಲಿನ ಕನ್ನಡ 'ಸಾರು' ಅನ್ನುತ್ತದೆ. ಗಟ್ಟಿ ಪದ, ಆದರೆ ಡಂಗುರದ ಜೊತೆ ಬೆಳೆದದ್ದು. ಮೂಲ ಬರಹದಲ್ಲಿ ಕ್ರೈಸ್ತ ಹೆಂಗಸೊಬ್ಬಳು ಪಕ್ಕದ ಮನೆಯ ಮುಸ್ಲಿಂ ಹೆಂಗಸಿನ ಜೊತೆ ಚಹಾ ಕುಡಿಯುತ್ತ ಮಾತಾಡಿದ್ದನ್ನು 'ಸಾರಿದಳು' ಅನ್ನಲಾದೀತೇ? 'ತಲುಪುವುದು' ಇನ್ನೂ ಅಧ್ವಾನ, ಮುಸ್ಲಿಮರನ್ನು ತಲುಪಬೇಕು ಅಂದರೆ ಕೊರಿಯರ್‌ನವನ ಮಾತಾಗುತ್ತದೆ. 'ಮತಾಂತರ'ಕ್ಕೆ 'ಮಾಡು' ಸೇರಿದೊಡನೆ ಎದುರಿನವನು ಕರ್ಮಪದವಾಗಿಬಿಡುತ್ತಾನೆ. 'ಮಾನಸಾಂತರ'ಕ್ಕೆ (ಮನಸ್ಸು ತಿರುಗುವುದು) 'ಹೊಂದು' ಸೇರುತ್ತದೆ, ಅಲ್ಲಿ ಅವನೇ ಕರ್ತೃ.

ಇದು ಬರೀ ವ್ಯಾಕರಣದ ಚಟವಲ್ಲ, ಜಗಳವೇ ಇದರ ಸುತ್ತ ಇದೆ. ಮಿಷನರಿಗಳು ಯಾವ ದೇಶಗಳಿಗೆ ಹೋಗಲಾಗದೋ ಅಲ್ಲಿನ ಜನರನ್ನು ದೇವರೇ ನಮ್ಮ ಬಾಗಿಲಿಗೆ ತಂದಿದ್ದಾನೆ ಎಂದು ಹಲವು ಇವಾಂಜೆಲಿಕಲ್ (ಸುವಾರ್ತೆ ಸಾರುವುದಕ್ಕೆ ಒತ್ತುಕೊಡುವ ಪ್ರಾಟೆಸ್ಟೆಂಟ್) ಬೋಧಕರು ಹೇಳುತ್ತಾರೆ. ಜರ್ಮನಿಯ ರೈನ್‌ಲ್ಯಾಂಡ್ ಪ್ರಾಟೆಸ್ಟೆಂಟ್ ಚರ್ಚು 2018ರಲ್ಲಿ, ಮುಸ್ಲಿಮರೊಂದಿಗಿನ ಸಂವಾದದ ಗುರಿ ಅವರನ್ನು ಮತಾಂತರಿಸುವುದಲ್ಲ ಎಂದು ಹೇಳಿತು. ಹಾಗಾದರೆ ಎಲ್ಲ ಜನಾಂಗದವರನ್ನೂ ಶಿಷ್ಯರನ್ನಾಗಿ ಮಾಡಿ ಎಂದು ಯೇಸು ಕೊಟ್ಟ ಆಜ್ಞೆ ಏನಾಯಿತು ಎಂದು ಟೀಕಾಕಾರರು ಹರಿಹಾಯ್ದರು. ವ್ಯಾಟಿಕನ್, ಚರ್ಚುಗಳ ಜಾಗತಿಕ ಮಂಡಳಿ ಮತ್ತು ಜಾಗತಿಕ ಇವಾಂಜೆಲಿಕಲ್ ಒಕ್ಕೂಟ ಸೇರಿ 2011ರಲ್ಲಿ ಹೊರಡಿಸಿದ ಪತ್ರದ ಶೀರ್ಷಿಕೆಯಲ್ಲಿ 'ಸಾಕ್ಷಿ' ಎಂಬ ಪದವಿದೆ. ಮೋಸ, ಆಮಿಷ ಸಲ್ಲದು, ಜನರ ಬಡತನವನ್ನು ಬಳಸಿಕೊಳ್ಳಕೂಡದು ಎನ್ನುತ್ತಲೇ, ಸಾಕ್ಷಿ ಹೇಳುವುದು ಕ್ರೈಸ್ತರ ಹಕ್ಕೂ ಹೌದು ಎನ್ನುತ್ತದೆ ಆ ಪತ್ರ.

ಎಂಟು ಶತಮಾನದ ಹಿಂದೆಯೇ ಇಟಲಿಯ ಸಂತ ಅಸ್ಸಿಸಿಯ ಫ್ರಾನ್ಸಿಸ್ ಇದಕ್ಕೆ ಕೈಹಾಕಿದ್ದ. 1219ರಲ್ಲಿ, ಐದನೇ ಧರ್ಮಯುದ್ಧದ (ಕ್ರುಸೇಡ್) ನಡುವೆ, ಈಜಿಪ್ಟಿನ ಡಾಮಿಯೆಟ್ಟಾ ಬಳಿ ಸುಲ್ತಾನ ಅಲ್-ಕಾಮಿಲನನ್ನು ಭೇಟಿಯಾಗಿ ಬಂದವನು ಅವನು. ತನ್ನ ಸಂಘದ ಸಂನ್ಯಾಸಿಗಳಿಗಾಗಿ ಬರೆದ 1221ರ ನಿಯಮಾವಳಿಯಲ್ಲಿ ಮುಸ್ಲಿಮರ ನಡುವೆ ಬಾಳಲು ಎರಡು ದಾರಿ ಇಟ್ಟ: ಒಂದು, ಯಾರೊಂದಿಗೂ ವಾದಕ್ಕಿಳಿಯದೆ, ಎಲ್ಲರಿಗೂ ತಗ್ಗಿ ನಡೆದು, ತಾವು ಕ್ರೈಸ್ತರೆಂದು ಒಪ್ಪಿಕೊಳ್ಳುವುದು, ಇನ್ನೊಂದು, ದೇವರಿಗೆ ಮೆಚ್ಚುಗೆ ಎಂದು ಕಂಡಾಗ ವಾಕ್ಯ ಸಾರುವುದು. ಎರಡನೆಯದಕ್ಕೆ 'ಸಾರು' ಸರಿಯಾಗಿ ಕೂರುತ್ತದೆ. ಮೊದಲನೆಯದಕ್ಕೆ 'ಸಾಕ್ಷಿಯಾಗಿರು' ಅನ್ನೋಣವೇ ಎಂದು ಯೋಚಿಸಿದೆ. ಗ್ರೀಕಿನ 'ಮಾರ್ತಿಸ್', ಅರಬ್ಬಿಯ 'ಶಹೀದ್' ಎರಡರಲ್ಲೂ ಸಾಕ್ಷಿ ನುಡಿಯುವವನು, ಪ್ರಾಣ ಕೊಟ್ಟವನು ಎಂಬ ಎರಡೂ ಅರ್ಥ ಹೆಣೆದುಕೊಂಡಿವೆ. ಹೀಗಾಗಿ ಎರಡೂ ಕಡೆಯ ಓದುಗರಿಗೆ ಈ ಪದ ಅಪರಿಚಿತವಲ್ಲ. ನಮ್ಮ 'ಸಾಕ್ಷಿ'ಗೆ ಮಾತ್ರ ಕೋರ್ಟಿನ ಕಟಕಟೆಯ ವಾಸನೆ ಬಲವಾಗಿ ಅಂಟಿದೆ.

ಹಾಗಾಗಿ ಕೇಳುವುದಿಷ್ಟು. ಚಹಾ ಕುಡಿಯುತ್ತ ಆಡಿದ ಆ ಮಾತಿಗೆ 'ಯೇಸುವಿನ ವಿಷಯ ಹೇಳಿಕೊಂಡಳು' ಎಂದಷ್ಟೇ ಬರೆದರೆ ತೀರಾ ತೆಳುವಾಯಿತೇ? 'ಹೇಳಿಕೊಳ್ಳು'ವಿನಲ್ಲಿ ಕಷ್ಟ-ಸುಖದ ಧ್ವನಿ ಇದೆಯಲ್ಲ, ಅದು ನನಗೆ ಹಿಡಿಸಿದೆ. ಕೆಥೋಲಿಕರ ಬಳಕೆಯಲ್ಲಿ ಸುವಾರ್ತೆಗಿಂತ 'ಶುಭಸಂದೇಶ'ವೇ ಹೆಚ್ಚು. ಅದರ ಜೊತೆ ನೀವು ಯಾವ ಕ್ರಿಯಾಪದ ಹಚ್ಚುತ್ತೀರಿ? ಕನ್ನಡದಲ್ಲೇ ಕುರಾನ್ ಓದುವ ಗೆಳೆಯರಿದ್ದರೆ, 'ಇಂಜೀಲ್' (ದೇವರು ಯೇಸುವಿಗೆ ಕೊಟ್ಟನೆಂದು ಕುರಾನ್ ಹೇಳುವ ಗ್ರಂಥ) ಎಂದಾಗ ನಿಮ್ಮ ಮನಸ್ಸಿಗೆ ಬರುವುದಕ್ಕೂ 'ಸುವಾರ್ತೆ' ಎಂದಾಗ ಬರುವುದಕ್ಕೂ ಅಂತರವೆಷ್ಟು? 'ಸುವಾರ್ತೆ' ಯಾವ ಗ್ರೀಕ್ ಪದದ ಅನುವಾದವೋ ಅದರಿಂದಲೇ 'ಇಂಜೀಲ್' ಬಂದದ್ದು ಎನ್ನುತ್ತಾರೆ ಹೆಚ್ಚಿನ ಪಂಡಿತರು. ಅನುವಾದದಲ್ಲಿ ಮುಸ್ಲಿಂ ಹೆಂಗಸು ಮಾತಾಡುವ ಕಡೆ 'ಇಂಜೀಲ್' ಎಂದೇ ಉಳಿಸಲೋ, 'ಸುವಾರ್ತೆ' ಮಾಡಲೋ?