ಪೂರ್ತಿ ಹೆಸರಿಗೆ ಓಗೊಡುವ ಸರ್ವರ್ ಚಿಕ್ಕ ಹೆಸರಿಗೆ ಸುಮ್ಮನಿರುವುದೇಕೆ?

ಕೇಳಿದ್ದು:

ವೈಫೈಯನ್ನು ಬೇರೆ ಸಬ್‌ನೆಟ್‌ಗೆ (ನೆಟ್‌ವರ್ಕ್‌ನ ಬೇರೆ ತುಂಡಿಗೆ) ಹಾಕಿ ಒಂದು ವಾರವಾಯಿತು. ಅವತ್ತಿನಿಂದ ಲ್ಯಾಪ್‌ಟಾಪ್‌ಗಳಿಗೆ ನಮ್ಮ ಫೈಲ್ ಸರ್ವರ್ ಸಿಗುತ್ತಿಲ್ಲ. ಅದರ ಹೆಸರು 'ಕಡತ', ಪೂರ್ತಿ ಹೆಸರು 'ಕಡತ.ಆಫೀಸ್.ಇಂಟರ್ನಲ್'. ಪೂರ್ತಿ ಹೆಸರು ಕೊಟ್ಟರೆ ಪಿಂಗ್ ಆಗುತ್ತದೆ, ಐಪಿ ಕೊಟ್ಟರೂ ಆಗುತ್ತದೆ. ಬರೀ 'ಕಡತ' ಎಂದರೆ ಹೋಸ್ಟ್ ಸಿಗಲಿಲ್ಲ ಎನ್ನುತ್ತದೆ. ಕೇಬಲ್ ಹಾಕಿದ ಡೆಸ್ಕ್‌ಟಾಪ್‌ಗಳಲ್ಲಿ ಮಾತ್ರ ಚಿಕ್ಕ ಹೆಸರೂ ನಡೆಯುತ್ತಿದೆ. ಎಲ್ಲವೂ ವಿಂಡೋಸ್, ವರ್ಕ್‌ಗ್ರೂಪ್‌ನಲ್ಲಿವೆ, ಡೊಮೇನ್‌ಗೆ ಸೇರಿಸಿಲ್ಲ. ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ಡಿಎನ್‌ಎಸ್ ಸರ್ವರ್ ಎರಡೂ ಕಡೆ ಒಂದೇ. ಇಂಥದ್ದು ಕಂಡವರು ಎಲ್ಲಿಂದ ಶುರು ಮಾಡಿದಿರಿ?

ಉತ್ತರ 1:

ಕೈಕೊಟ್ಟ ಲ್ಯಾಪ್‌ಟಾಪ್ ಬಿಡಿ ಸರ್, ಸರಿಯಾಗಿರುವ ಡೆಸ್ಕ್‌ಟಾಪ್ ಮುಂದೆ ಕೂತುಕೊಳ್ಳಿ. ನನಗೂ ಇದೇ ಆಗಿತ್ತು. ಎರಡು ದಿನ ಲ್ಯಾಪ್‌ಟಾಪ್‌ಗಳನ್ನೇ ಕೆದಕಿ ಸುಸ್ತಾದೆ. ಕೊನೆಗೆ ನೋಡಿದರೆ, ಡೆಸ್ಕ್‌ಟಾಪ್‌ಗಳಲ್ಲೂ ಚಿಕ್ಕ ಹೆಸರಿಗೆ ಡಿಎನ್‌ಎಸ್ ಒಂದು ದಿನವೂ ಉತ್ತರ ಕೊಟ್ಟಿರಲಿಲ್ಲ!

ಡೆಸ್ಕ್‌ಟಾಪ್‌ನಲ್ಲಿ 'ಪಿಂಗ್ ಕಡತ' ಎಂದು ಹೊಡೆದು ಮೊದಲ ಸಾಲು ಓದಿ. ರಿಪ್ಲೈ ಬಂತಾ ಅಂತ ಮಾತ್ರ ನೋಡಿ ಮುಚ್ಚಿಬಿಡುತ್ತೇವೆ, ಅಲ್ವಾ? ಯಾವ ಹೆಸರಿಗೆ, ಯಾವ ವಿಳಾಸಕ್ಕೆ ಹೋಯಿತು ಎಂಬುದು ಆ ಮೊದಲ ಸಾಲಿನಲ್ಲೇ ಇರುತ್ತದೆ. 'ಕಡತ.ಆಫೀಸ್.ಇಂಟರ್ನಲ್' ಎಂದಿದ್ದರೆ ಉತ್ತರ ಡಿಎನ್‌ಎಸ್‌ನದು. ಬರೀ 'ಕಡತ' ಅಥವಾ 'ಕಡತ.ಲೋಕಲ್' ಎಂದಿದ್ದು, ಪಕ್ಕದಲ್ಲಿ ಎಫ್‌ಇ80 ಎಂದು ಶುರುವಾಗುವ ಉದ್ದನೆಯ ವಿಳಾಸ ಇದ್ದರೆ, ಓಗೊಟ್ಟಿದ್ದು ನೇರವಾಗಿ ಆ ಸರ್ವರೇ. ಎಫ್‌ಇ80 ವಿಳಾಸಕ್ಕೆ ತನ್ನ ನೆಟ್‌ವರ್ಕ್ ತುಂಡಿನಿಂದ ಆಚೆ ಬೆಲೆಯೇ ಇಲ್ಲ.

ಚುಕ್ಕಿ ಇಲ್ಲದ ಹೆಸರು ಕೊಟ್ಟಾಗ ವಿಂಡೋಸ್ ಮೊದಲು ಹೋಸ್ಟ್ಸ್ ಫೈಲ್ (ಹೆಸರು, ಐಪಿ ಕೈಯಾರೆ ಬರೆದಿಡುವ ಪಟ್ಟಿ) ಮತ್ತು ಕ್ಯಾಶ್ (ಹಿಂದೆ ಸಿಕ್ಕ ಉತ್ತರಗಳ ನೆನಪು) ನೋಡುತ್ತದೆ. ಆಮೇಲೆ ತನ್ನ ಬಳಿ ಸಫಿಕ್ಸ್ ('ಆಫೀಸ್.ಇಂಟರ್ನಲ್' ಥರದ ಹಿಂಭಾಗ) ಇದ್ದರೆ ಅದನ್ನು ಹೆಸರಿನ ಬಾಲಕ್ಕೆ ಅಂಟಿಸಿ ಡಿಎನ್‌ಎಸ್ ಅನ್ನು ಕೇಳುತ್ತದೆ. ಅಲ್ಲೂ ಗಿಟ್ಟದಿದ್ದರೆ ಬೀದಿಯಲ್ಲಿ ನಿಂತು 'ಕಡತ ಅಂದ್ರೆ ಯಾರ್ರೀ?' ಎಂದು ಕೂಗುತ್ತದೆ. ಹೊಸ ಕೂಗುಗಳು ಎಲ್‌ಎಲ್‌ಎಂಎನ್‌ಆರ್ ಮತ್ತು ಎಂಡಿಎನ್‌ಎಸ್, ಯುಡಿಪಿ ಪೋರ್ಟ್ 5355 ಮತ್ತು 5353. ಹಳೇ ಕೂಗು ನೆಟ್‌ಬಯೋಸ್, ಪೋರ್ಟ್ 137. ಈ ಕೂಗು ಯಾವುದೂ ರೂಟರ್ ದಾಟುವುದಿಲ್ಲ. ನೀವು ವೈಫೈಯನ್ನು ಬೇರೆ ಸಬ್‌ನೆಟ್‌ಗೆ ಹಾಕಿದ ದಿನ ಲ್ಯಾಪ್‌ಟಾಪ್‌ಗಳು ಬೇರೆ ಬೀದಿಗೆ ಹೋದವು, ಅಷ್ಟೇ.

ಖಾತ್ರಿಗೆ ಅದೇ ಡೆಸ್ಕ್‌ಟಾಪ್‌ನಲ್ಲಿ 'ಎನ್‌ಎಸ್‌ಲುಕಪ್ ಕಡತ' ಹೊಡೆಯಿರಿ. ಅದು ಡಿಎನ್‌ಎಸ್ ಬಿಟ್ಟು ಬೇರೆ ಯಾರನ್ನೂ ಕೇಳುವುದಿಲ್ಲ, ಹೋಸ್ಟ್ಸ್ ಫೈಲ್ ಕೂಡ ನೋಡುವುದಿಲ್ಲ. ಪಿಂಗ್ ಆಗಿ ಎನ್‌ಎಸ್‌ಲುಕಪ್ ಸೋತರೆ ವಿಷಯ ಅಲ್ಲಿಗೆ ಇತ್ಯರ್ಥ. 'ಐಪಿಕಾನ್ಫಿಗ್ /ಆಲ್' ಕೊಟ್ಟು ಡಿಎನ್‌ಎಸ್ ಸಫಿಕ್ಸ್ ಸಾಲುಗಳನ್ನೂ ನೋಡಿ. ಖಾಲಿ ಇರುತ್ತವೆ ಎಂದು ನನ್ನ ಅಂದಾಜು. ಕಂಪ್ಯೂಟರ್‌ಗಳಿಗೆ ಐಪಿ ಹಂಚುವ ಡಿಎಚ್‌ಸಿಪಿಯಲ್ಲಿ ಆಪ್ಷನ್ 15 ಎಂದಿರುತ್ತದೆ, ಡೊಮೇನ್ ಹೆಸರು ಹಂಚುವ ಜಾಗ. ಅಲ್ಲಿ 'ಆಫೀಸ್.ಇಂಟರ್ನಲ್' ತುಂಬಿಸಿ. ಎರಡೂ ಸ್ಕೋಪ್‌ಗೆ (ಎರಡೂ ಸಬ್‌ನೆಟ್‌ನ ಡಿಎಚ್‌ಸಿಪಿ ಸೆಟ್ಟಿಂಗ್‌ಗೆ) ಹಾಕಿ, ವೈಫೈಗೆ ಮಾತ್ರವಲ್ಲ.

ಉತ್ತರ 2:

ಯಾರಾದರೂ ಹೋಸ್ಟ್ಸ್ ಫೈಲ್‌ನಲ್ಲಿ ಬರೆದುಬಿಡಿ ಎನ್ನುವ ಮೊದಲೇ ಹೇಳುತ್ತೇನೆ, ಬೇಡ. ಇವತ್ತಿಗೆ ಕೆಲಸ ಆಗುತ್ತದೆ. ಸರ್ವರ್ ಐಪಿ ಬದಲಾದ ದಿನ ಯಾವ ಯಾವ ಮಷೀನ್‌ನಲ್ಲಿ ಬರೆದಿದ್ದೆ ಎಂದು ಹುಡುಕುತ್ತಾ ಕೂರುತ್ತೀರಿ. ನಾನು ಕೂತಿದ್ದೇನೆ. ಒಂದು ಮಷೀನ್‌ನಲ್ಲಂತೂ ಫೈಲ್ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಸೇರಿಕೊಂಡು ಬರೆದದ್ದೇ ವ್ಯರ್ಥವಾಗಿತ್ತು.

ಉತ್ತರ 3:

ನಿಮ್ಮ ಕೇಸ್ ಇದಲ್ಲ, ಆದರೂ ಮುಂದೆ ಓದುವವರಿಗಿರಲಿ. ಪೂರ್ತಿ ಹೆಸರೂ ಒಮ್ಮೊಮ್ಮೆ ಸಿಕ್ಕಿ ಒಮ್ಮೊಮ್ಮೆ ಸಿಗದಿದ್ದರೆ ಎರಡನೇ ಡಿಎನ್‌ಎಸ್ ಏನಿದೆ ನೋಡಿ. ನಮ್ಮಲ್ಲಿ 'ಇರಲಿ ಬ್ಯಾಕಪ್‌ಗೆ' ಎಂದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ 8.8.8.8 ಹಾಕಿದ್ದರು. ಒಳಗಿನ ಸರ್ವರ್ ಒಂದು ಕ್ಷಣ ತಡಮಾಡಿದರೆ ಪ್ರಶ್ನೆ ಹೊರಗೆ ಹೋಗುತ್ತದೆ. ಹೊರಗಿನವರಿಗೆ ನಮ್ಮ ಒಳಗಿನ ಹೆಸರು ಹೇಗೆ ಗೊತ್ತಿರಬೇಕು? 'ಅಂಥ ಹೆಸರೇ ಇಲ್ಲ' ಎನ್ನುತ್ತಾರೆ. ಕಂಪ್ಯೂಟರ್ ಅದನ್ನೇ ಕೊನೆಯ ಮಾತು ಎಂದುಕೊಳ್ಳುತ್ತದೆ, ತಿರುಗಿ ಮೊದಲನೆಯದನ್ನು ಕೇಳುವುದಿಲ್ಲ. ಎರಡನೆಯದೂ ಒಳಗಿನ ಹೆಸರು ಬಲ್ಲದ್ದೇ ಆಗಿರಬೇಕು, ಇಲ್ಲವಾದರೆ ಒಂದೇ ಸಾಕು.

ಉತ್ತರ 4:

ಲಿನಕ್ಸ್ ಇಟ್ಟುಕೊಂಡವರಿಗೆ: ಡಿಎನ್‌ಎಸ್ ಕೇಳುವ ಕಮಾಂಡ್ 'ಡಿಗ್ ಕಡತ' ಕೊಟ್ಟು ಮೋಸಹೋಗಬೇಡಿ. ಡಿಗ್ ತಾನಾಗಿ ಸರ್ಚ್ ಪಟ್ಟಿ (ಸಫಿಕ್ಸ್‌ಗಳ ಪಟ್ಟಿ) ಬಳಸುವುದಿಲ್ಲ, '+ಸರ್ಚ್' ಎಂದು ಹೇಳಬೇಕು. ಪ್ರೋಗ್ರಾಂಗಳಿಗೆ ಏನು ಕಾಣುತ್ತದೆ ಎಂದು ತಿಳಿಯಲು 'ಗೆಟ್‌ಎಂಟ್ ಹೋಸ್ಟ್ಸ್ ಕಡತ' ವಾಸಿ. ಸಫಿಕ್ಸ್ ಇರುವುದು ರಿಸಾಲ್ವ್ ಡಾಟ್ ಕಾನ್ಫ್‌ನ 'ಸರ್ಚ್' ಸಾಲಿನಲ್ಲಿ. ಮತ್ತೆ, ಒಳಗಿನ ಡೊಮೇನ್‌ಗೆ 'ಡಾಟ್ ಲೋಕಲ್' ಇಡಬೇಡಿ. ಅದು ಎಂಡಿಎನ್‌ಎಸ್‌ಗೆ ಮೀಸಲು, ಗುದ್ದಾಟ ಗ್ಯಾರಂಟಿ. ನೀವು ಇಟ್ಟಿರುವ 'ಡಾಟ್ ಇಂಟರ್ನಲ್' ಅನ್ನು ಇಂಟರ್‌ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2024ರಲ್ಲಿ ಇಂಥ ಒಳಬಳಕೆಗೇ ಮೀಸಲಿಟ್ಟಿದೆ, ಚಿಂತೆಯಿಲ್ಲ.

ಕೇಳಿದವರು:

ಡೆಸ್ಕ್‌ಟಾಪ್‌ನಲ್ಲಿ ನೋಡಿದೆ. ಮೊದಲ ಸಾಲಿನಲ್ಲಿ ಬರೀ 'ಕಡತ', ಪಕ್ಕದಲ್ಲಿ ಎಫ್‌ಇ80. ಎನ್‌ಎಸ್‌ಲುಕಪ್ ಫೇಲ್. ಇಷ್ಟು ವರ್ಷ ಕೂಗಿನ ಮೇಲೇ ನಡೆದಿದೆ ನಮ್ಮ ಆಫೀಸು! ಎರಡೂ ಸ್ಕೋಪ್‌ಗೆ ಆಪ್ಷನ್ 15 ಹಾಕಿ, ವೈಫೈ ಕಡಿದು ಮತ್ತೆ ಸೇರಿಸಿದ ಮೇಲೆ ಲ್ಯಾಪ್‌ಟಾಪ್‌ಗಳೆಲ್ಲ ಸರಿಹೋದವು. ಒಂದು ಮಾತ್ರ ಜಗ್ಗಲಿಲ್ಲ.

ಉತ್ತರ 1:

ಅದರ ಅಡಾಪ್ಟರ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಟ್ಯಾಬ್ ನೋಡಿ. ಯಾರೋ ಹಿಂದೆ ಸಫಿಕ್ಸ್ ಪಟ್ಟಿಯನ್ನು ಕೈಯಾರೆ ಬರೆದಿಟ್ಟಿರಬಹುದು. ಅಂಥ ಪಟ್ಟಿ ಇದ್ದರೆ ಡಿಎಚ್‌ಸಿಪಿ ಕೊಟ್ಟ ಸಫಿಕ್ಸ್ ಅನ್ನು ವಿಂಡೋಸ್ ಕೇರೇ ಮಾಡುವುದಿಲ್ಲ.

ಕೇಳಿದವರು:

ಇತ್ತು ಸರ್. ಹಳೇ ಡೊಮೇನ್ ಹೆಸರು, ಅದೂ ಸ್ಪೆಲ್ಲಿಂಗ್ ತಪ್ಪು. ತೆಗೆದೆ, ಬಂತು.