ಬೆನಿಡೋರ್ಮ್‌ನಲ್ಲಿ ಕಡಲ ಬದಿ ಮನೆ ಹಿಡಿದು ಅಡಿಗೆ ನಾವೇ ಮಾಡುವುದು: ಏನೆಲ್ಲ ನೋಡಿಕೊಳ್ಳಬೇಕು?

ನೀರ್ಚಾಲು_ಮನೆ:
ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಶಾಲೆ ರಜೆಯಲ್ಲಿ ಸ್ಪೇನಿನ ಬೆನಿಡೋರ್ಮ್‌ಗೆ 12 ದಿನ ಹೋಗುವ ಅಂದಾಜಿದೆ. ನಾವಿಬ್ಬರು, ಅತ್ತೆ, ಮಾವ, 13 ಮತ್ತು 8 ವರ್ಷದ ಮಕ್ಕಳು, ಒಟ್ಟು ಆರು ಮಂದಿ. ಗಲ್ಫ್ ದಾರಿಯಾಗಿ ಮ್ಯಾಡ್ರಿಡ್‌ವರೆಗೆ ವಿಮಾನ, ಅಲ್ಲಿಂದ ಮುಂದೆ ರೈಲು. ಮನೆಯವರೆಲ್ಲ ಸಸ್ಯಾಹಾರಿಗಳು. ಅತ್ತೆ ಮಾವನಿಗೆ ಬೆಳಗ್ಗೆ ದೋಸೆ, ಮಧ್ಯಾಹ್ನ ಅನ್ನ ಸಾರು ಆಗಲೇಬೇಕು, ಹಾಗಾಗಿ ಹೋಟೆಲ್ ಬೇಡ, ಅಡಿಗೆಕೋಣೆ ಇರುವ ಅಪಾರ್ಟ್‌ಮೆಂಟ್ ಹುಡುಕುತ್ತಿದ್ದೇವೆ. ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಕಷ್ಟ.

ಮನೆ ಆರಿಸುವಾಗ ಏನು ಕೇಳಬೇಕು? ಸಾಮಾನು ಯಾವುದು ಅಲ್ಲಿ ಸಿಗುತ್ತದೆ, ಯಾವುದನ್ನು ಊರಿಂದ ಒಯ್ಯಬೇಕು? ತುಪ್ಪ, ಬೇವಿನಸೊಪ್ಪು (ಕರಿಬೇವು), ಹಲಸಿನ ಹಪ್ಪಳ ಒಯ್ಯಬಹುದಾ? ತಿಳಿದವರು ಬಿಡಿಸಿ ಹೇಳಿ.

ಚಂದ್ರಗಿರಿ_ತೀರ:
ಅಕ್ಕಾ, ಮೊದಲು ಆ 12 ದಿನದ ವಿಷಯ. ಬೆನಿಡೋರ್ಮ್ ಇರುವುದು ವಲೆನ್ಸಿಯಾ ಸ್ವಾಯತ್ತ ಪ್ರದೇಶದಲ್ಲಿ, ಅದರ ಅಲಿಕಾಂತೆ ಪ್ರಾಂತದಲ್ಲಿ. ಅಲ್ಲಿ 2024ರಲ್ಲಿ ಕಾನೂನು ಬದಲಾಯಿತು: ಪ್ರವಾಸಿಗರಿಗೆಂದು ಬಾಡಿಗೆಗೆ ಕೊಡುವ ಖಾಸಗಿ ಮನೆಯನ್ನು ಒಬ್ಬರಿಗೇ ಸತತವಾಗಿ 10 ದಿನಕ್ಕಿಂತ ಹೆಚ್ಚು ಆ ಪರವಾನಗಿಯಲ್ಲಿ ಕೊಡುವಂತಿಲ್ಲ. 12 ದಿನ ಬೇಕಾದರೆ ಎರಡು ಮನೆಗೆ ಹಂಚಿಕೊಳ್ಳಿ, ಇಲ್ಲವೇ ರಿಸೆಪ್ಷನ್ ಇರುವ ಅಪಾರ್ಟ್‌ಮೆಂಟ್ ಕಟ್ಟಡ ನೋಡಿ. ಅವುಗಳ ವರ್ಗ ಬೇರೆ. ನನ್ನ ಕೇಳಿದರೆ ಎರಡನೆಯದೇ ವಾಸಿ. ಹಿರಿಯರನ್ನೂ ಆರು ಮಂದಿಯ ಪೆಟ್ಟಿಗೆಗಳನ್ನೂ ರಜೆಯ ನಡುವೆ ಇನ್ನೊಂದು ಮನೆಗೆ ಸಾಗಿಸುವ ಕೆಲಸ ಬೇಡ.

ಖಾಸಗಿ ಮನೆಯಾದರೆ ಜಾಹೀರಾತಿನಲ್ಲಿ 'ವಿಟಿ' ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. 2025ರ ಜುಲೈ 1ರಿಂದ ಆನ್‌ಲೈನ್ ಜಾಲತಾಣಗಳಲ್ಲಿ ಹಾಕುವ ಮನೆಗಳಿಗೆ ರಾಷ್ಟ್ರಮಟ್ಟದ ಸಂಖ್ಯೆಯೂ ಬೇಕೆಂದಾಯಿತು. ಸಂಖ್ಯೆ ಕೇಳಿದರೆ ಹಾರಿಕೆಯ ಉತ್ತರ, ಪೇಟೆ ದರದ ಅರ್ಧ ಬಾಡಿಗೆ, ಜಾಲತಾಣ ಬಿಟ್ಟು ನೇರ ಬ್ಯಾಂಕಿಗೆ ದುಡ್ಡು ಹಾಕಿ ಅನ್ನುವ ಒತ್ತಾಯ: ಈ ಮೂರರಲ್ಲಿ ಒಂದು ಕಂಡರೂ ಆ ಮನೆ ಬಿಟ್ಟುಬಿಡಿ.

'ಆರು ಮಂದಿಗೆ' ಎಂದು ಬರೆದಿದ್ದರೆ ಹೆಚ್ಚಾಗಿ ಎರಡು ಮಲಗುವ ಕೋಣೆ, ಉಳಿದಿಬ್ಬರಿಗೆ ಹಾಲ್‌ನ ಸೋಫಾ. ನಿಮ್ಮಲ್ಲಿ ಮಕ್ಕಳಿಬ್ಬರು ಸೋಫಾದಲ್ಲಿ ಮಲಗಿದರೆ ನಡೆದೀತು, ಆದರೆ ಹಿರಿಯರು ರಾತ್ರಿ ನೀರಿಗೋ ಬಚ್ಚಲಿಗೋ ಎದ್ದರೆ ಹಾಲ್ ದಾಟಿಯೇ ಹೋಗಬೇಕಾಗುತ್ತದೆ. ನಕ್ಷೆ ಕೇಳಿ. ಹಾಸಿಗೆ ಬಟ್ಟೆ, ಟವಲು, ಕೊನೆಯ ದಿನದ ಶುಚಿ ಮಾಡುವ ದುಡ್ಡು, ಠೇವಣಿ ಬಾಡಿಗೆಯಲ್ಲಿ ಸೇರಿದೆಯೋ ಬೇರೆಯೋ ಎಂಬುದು ಬರಹದಲ್ಲಿ ಬರಲಿ.

ಮೊಣಕಾಲು ನೋವಿಗೆ ಮೂರು ವಿಷಯ. ಲಿಫ್ಟ್ ಇದೆ ಎಂದರೆ ಸಾಲದು. ಹಳೆಯ ಕಟ್ಟಡಗಳಲ್ಲಿ ಬೀದಿ ಬಾಗಿಲಿನಿಂದ ಲಿಫ್ಟ್‌ವರೆಗೆ ಆರೆಂಟು ಮೆಟ್ಟಿಲು ಇರುತ್ತವೆ, ಆ ಭಾಗದ ಫೋಟೋ ಕಳಿಸಲು ಹೇಳಿ. ಎರಡು, ಬಚ್ಚಲಲ್ಲಿ ಸ್ನಾನದ ತೊಟ್ಟಿ ಇದ್ದರೆ ಅದರ ಅಂಚು ಅರ್ಧ ಮೀಟರಿಗಿಂತ ಎತ್ತರ, ಕಾಲೆತ್ತಿ ದಾಟುವುದು ಅಪಾಯ. ನೆಲಮಟ್ಟದ ಶವರ್ ಇರುವ ಮನೆಯೇ ಆಗಬೇಕು. ಮೂರು, ಲೆವಾಂತೆ ಬೀಚಿನ ಪೂರ್ವ ತುದಿಯ ರಿಂಕೋನ್ ದೆ ಲೋಯಿಶ್ ಕಡೆ ಬಾಡಿಗೆ ಕಡಿಮೆ ಕಂಡರೂ ಒಳಗೆ ಹೋದಷ್ಟೂ ಏರು. ನಕಾಶೆಯಲ್ಲಿ 300 ಮೀಟರ್ ಎಂದು ಕಾಣುವುದು ಬಿಸಿಲಲ್ಲಿ ತರಕಾರಿ ಚೀಲದೊಂದಿಗೆ ತುಂಬಾ ದೂರ. ಕಡಲಿಗೆ ಸಮತಟ್ಟಾದ ಮೊದಲೆರಡು ಬೀದಿಗಳಲ್ಲೇ ಹುಡುಕಿ.

ಮ್ಯಾಡ್ರಿಡ್‌ನಿಂದ ಅಲಿಕಾಂತೆಗೆ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ರೈಲು ಹೊರಡುವುದು ಚಮಾರ್ತಿನ್ ನಿಲ್ದಾಣದಿಂದಲೋ ಅತೋಚಾದಿಂದಲೋ ಎಂದು ಟಿಕೆಟ್‌ನಲ್ಲಿ ನೋಡಿಕೊಳ್ಳಿ, ಎರಡೂ ಒಂದಕ್ಕೊಂದು ದೂರ. ಅಲಿಕಾಂತೆಯಿಂದ ಮುಂದಕ್ಕೆ ಟ್ರಾಮ್ ಇದೆ, ಕಡಲು ಕಾಣುವ ಚಂದದ ದಾರಿ, ಆದರೆ ಬೆನಿಡೋರ್ಮ್‌ನ ಟ್ರಾಮ್ ನಿಲ್ದಾಣ ಬೀಚಿನಿಂದ ದೂರ, ಮೇಲೆ. ಬರುವ ದಿನ ಆರೇಳು ಸೀಟಿನ ಟ್ಯಾಕ್ಸಿ ಮೊದಲೇ ಹೇಳಿಡಿ, ಟ್ರಾಮ್ ಸುತ್ತಾಟದ ದಿನಕ್ಕಿರಲಿ.

ಪೆರ್ಲ_ಅಡಿಗೆಕೋಣೆ:
ಅಡಿಗೆಯ ವಿಷಯ ನಾನು ಹೇಳುತ್ತೇನೆ.

ಒಲೆ ಯಾವುದು ಎಂದು ಮೊದಲು ಕೇಳಿ. ಗಾಜಿನ ಒಲೆಯಲ್ಲಿ ಎರಡು ಬಗೆ, ಹೊರಗಿಂದ ನೋಡಿದರೆ ಒಂದೇ ಥರ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಕಾಯುವುದೇ ಇಲ್ಲ. ತಳಕ್ಕೆ ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು. ವಿಟ್ರೊಸೆರಾಮಿಕ್ ಆದರೆ ಅಡಿ ಸಮ ಇರುವ ಯಾವ ಪಾತ್ರೆಯೂ ಆದೀತು, ಆದರೆ ಕಾಯಲು ನಿಧಾನ, ಆರಲು ಇನ್ನೂ ನಿಧಾನ. ಕುಕ್ಕರ್ ಕೂಗಿದ ಮೇಲೆ ಸ್ವಿಚ್ ಆರಿಸಿದರೂ ಬೇಯುತ್ತಲೇ ಇರುತ್ತದೆ, ಪಕ್ಕಕ್ಕೆ ಎತ್ತಿಡಬೇಕು. ಕಬ್ಬಿಣದ ಕಾವಲಿ ಎರಡರಲ್ಲೂ ನಡೆಯುತ್ತದೆ. ಆದರೆ ಗಾಜಿನ ಮೇಲೆ ಎಳೆದಾಡಬೇಡಿ. ಗೀರು ಬಿದ್ದರೆ ಠೇವಣಿಯಿಂದ ಕಳೆಯುತ್ತಾರೆ. 3 ಲೀಟರಿನ ಇಂಡಕ್ಷನ್ ಅಡಿಯ ಸ್ಟೀಲ್ ಕುಕ್ಕರ್ ಒಂದನ್ನು ಒಯ್ದರೆ ಯಾವ ಮನೆ ಸಿಕ್ಕಿದರೂ ಚಿಂತೆ ಇಲ್ಲ.

ಕರೆಂಟ್ ನಮ್ಮ ಹಾಗೆಯೇ 230 ವೋಲ್ಟ್, 50 ಹರ್ಟ್ಸ್, ಹಾಗಾಗಿ ನಮ್ಮ ಮಿಕ್ಸಿ ಓಡುತ್ತದೆ. ಪ್ಲಗ್ ಮಾತ್ರ ದಪ್ಪ ದುಂಡು ಕಡ್ಡಿಯ ಎರಡು ಪಿನ್ನಿನದು, ನಮ್ಮ ಮೂರು ಪಿನ್ನಿಗೆ ಅಡಾಪ್ಟರ್ ಬೇಕು. ಅರ್ತಿಂಗ್ ಇರುವ, 16 ಆಂಪಿಯರಿನದೇ ತೆಗೆದುಕೊಳ್ಳಿ. ಅಲ್ಲಿನ ಮನೆಗಳಲ್ಲಿ ಇರುವುದು ಕೈಯಲ್ಲಿ ಹಿಡಿಯುವ ಬ್ಲೆಂಡರ್, ಅದರಲ್ಲಿ ತೆಂಗಿನಕಾಯಿ ನುಣ್ಣಗಾಗುವುದಿಲ್ಲ, ಅಕ್ಕಿಯಂತೂ ಇಲ್ಲವೇ ಇಲ್ಲ. 500 ವ್ಯಾಟಿನ ಸಣ್ಣ ಮಿಕ್ಸಿಗೆ ಪೆಟ್ಟಿಗೆಯಲ್ಲಿ ಜಾಗ ಮಾಡಿ.

ಇನ್ನೊಂದು, ಮನೆಗೆ ಮಂಜೂರಾದ ಕರೆಂಟಿಗೆ ಮಿತಿ ಇರುತ್ತದೆ. 3.45 ಅಥವಾ 4.6 ಕಿಲೋವ್ಯಾಟ್ ಸಾಮಾನ್ಯ. ಎರಡು ಒಲೆ ಸೇರಿ 3 ಕಿಲೋವ್ಯಾಟ್, ನೀರು ಕಾಯಿಸುವ ಬಾಯ್ಲರ್ ಒಂದೂವರೆ. ಜೊತೆಗೆ ವಾಷಿಂಗ್ ಮೆಶೀನೋ ಎಸಿಯೋ ಹಾಕಿದರೆ ಇಡೀ ಮನೆ ಕತ್ತಲು. ಹಾಗಾದರೆ ಎಲ್ಲ ಆರಿಸಿ, ಬಾಗಿಲ ಹತ್ತಿರದ ಪೆಟ್ಟಿಗೆಯ ಮುಖ್ಯ ಸ್ವಿಚ್ಚನ್ನು ಪೂರ್ತಿ ಕೆಳಗಿಳಿಸಿ, ಸ್ವಲ್ಪ ತಡೆದು ಮೇಲಕ್ಕೆತ್ತಿ. ಬಾಯ್ಲರ್ 80 ಲೀಟರಿನದಾದರೆ ಪೂರ್ತಿ ಖಾಲಿಯಾದ ಮೇಲೆ ಮತ್ತೆ ಕಾಯಲು ಎರಡೂವರೆ ಗಂಟೆ ಬೇಕು. ಆರು ಮಂದಿ ಒಂದೇ ಬೆಳಗ್ಗೆ ಸ್ನಾನಕ್ಕೆ ಸಾಲು ನಿಲ್ಲಬೇಡಿ. ಮಕ್ಕಳದ್ದು ಸಂಜೆ ಕಡಲಿನಿಂದ ಬಂದ ಮೇಲೆ ಆಗಲಿ.

ಈಗ ನೀರು. ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಇದೇ, ಇದನ್ನು ಯಾರೂ ಹೇಳುವುದಿಲ್ಲ. ಆ ಕರಾವಳಿಯ ನಲ್ಲಿ ನೀರು ಕುಡಿಯಲು ಸುರಕ್ಷಿತ, ಆದರೆ ಗಡಸು. ನೀರಿನ ಸುಣ್ಣದ ಅಂಶ ಬೇಳೆಯ ಕಣಗಳ ಗೋಡೆಯನ್ನು ಗಟ್ಟಿ ಮಾಡುತ್ತದೆ. ತೊಗರಿಬೇಳೆ ಎಷ್ಟು ಸೀಟಿ ಕೂಗಿದರೂ ಕಾಳು ಕಾಳಾಗಿ ಉಳಿದು, ಸಾರಿನಲ್ಲಿ ನೀರು ಮೇಲೆ ಬೇಳೆ ಕೆಳಗೆ ಆಗುವುದು ಇದರಿಂದ. ಬೇಳೆ ಹಳತೆಂದು ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ಅಂಗಡಿಯಲ್ಲಿ 5 ಲೀಟರಿನ ನೀರಿನ ಕ್ಯಾನ್ ಸಿಗುತ್ತದೆ. ಲೇಬಲ್‌ನಲ್ಲಿ 'ರೆಸಿದುವೊ ಸೆಕೊ' ಎಂಬ ಅಂಕಿ ನೋಡಿ, ಅದು ಲೀಟರಿಗೆ 50 ಮಿಲಿಗ್ರಾಮಿಗಿಂತ ಕಡಿಮೆ ಇರುವ ನೀರು ಬೇಳೆಗೂ ಚಹಾಕ್ಕೂ ಒಳ್ಳೆಯದು. ಬೇಳೆಯನ್ನು ಅದೇ ನೀರಿನಲ್ಲಿ ಒಂದು ಗಂಟೆ ನೆನೆಸಿ ಬೇಯಿಸಿ. ಹುಣಸೆಹುಳಿ, ಟೊಮೆಟೊ ಬೇಳೆ ಮೆತ್ತಗಾದ ಮೇಲೆಯೇ; ಹುಳಿ ಮೊದಲೇ ಬಿದ್ದರೂ ಬೇಯುವುದಿಲ್ಲ. ನಲ್ಲಿ ನೀರೇ ಗತಿಯಾದರೆ ಒಂದು ಕಪ್ ಬೇಳೆಗೆ ಕಾಲು ಚಮಚದ ಅರ್ಧ ಅಡುಗೆ ಸೋಡ, ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ. ತೊಗರಿ ಸಾಮಾನ್ಯ ಸೂಪರ್ ಮಾರ್ಕೆಟ್‌ನಲ್ಲಿ ಇರುವುದಿಲ್ಲ, ಏಷ್ಯನ್ ದಿನಸಿ ಅಂಗಡಿ ಬೇಕು. 'ಲೆಂತೆಹಾ ರೋಹಾ' ಎಂದರೆ ಮಸೂರ್ ಬೇಳೆ. ಎಲ್ಲ ಕಡೆ ಸಿಗುತ್ತದೆ, ಕುಕ್ಕರ್ ಇಲ್ಲದೆ ಕಾಲು ಗಂಟೆಯಲ್ಲಿ ಬೇಯುತ್ತದೆ.

ಅಕ್ಕಿಯಲ್ಲಿ 'ರೆದೊಂದೊ' ಎಂಬ ದುಂಡಕ್ಕಿ ಅಲ್ಲಿನ ಪಾಯೆಯಾಕ್ಕೆ ಸರಿ, ನಮ್ಮ ಊಟಕ್ಕೆ ಮುದ್ದೆಯಾಗುತ್ತದೆ. ಗಂಜಿಗೆ ಚೆನ್ನಾಗಿದೆ. ಊಟಕ್ಕೆ 'ವಪೊರಿಸಾದೊ' ಎಂದಿರುವುದು ತೆಗೆದುಕೊಳ್ಳಿ, ಅದು ಕುಚ್ಚಲಕ್ಕಿಯ ಕ್ರಮದಲ್ಲೇ ಆವಿ ಕೊಟ್ಟ ಉದ್ದಕ್ಕಿ. ನಮ್ಮ ಕೆಂಪು ಕುಚ್ಚಲಿನ ರುಚಿ ಇಲ್ಲ, ಆದರೆ ಅನ್ನ ಬಿಡಿಬಿಡಿಯಾಗಿರುತ್ತದೆ. ದೋಸೆಗೆ 'ಲಾರ್ಗೊ', ಅಂದರೆ ಆವಿ ಕೊಡದ ಉದ್ದಕ್ಕಿ.

ತರಕಾರಿಗೆ ಕೊರತೆಯಿಲ್ಲ. ಸಿಹಿಗುಂಬಳ, ಬದನೆ, ಚಪ್ಪಟೆ ಬೀನ್ಸ್ ಎಲ್ಲ ಇವೆ. ಮೇಲಾರಕ್ಕೆ ನಮ್ಮ ಸೌತೆಯ ಬದಲು 'ಕಾಲಬಾಸಿನ್' (ಸುಕಿನಿ) ಹಾಕಿ, ಆದರೆ ಐದೇ ನಿಮಿಷದಲ್ಲಿ ಬೇಯುತ್ತದೆ, ಕೊನೆಗೆ ಹಾಕಬೇಕು. ಹರಿವೆ ಸಾಸಿವೆಗೋ ಪಲ್ಯಕ್ಕೋ 'ಅಸೆಲ್ಗಾ' ಸೊಪ್ಪು, ಅದರ ಬಿಳಿ ದಂಟನ್ನು ಬೇರೆ ಬೇಯಿಸಿ ಹುಳಿಗೆ ಹಾಕಬಹುದು. ಹಸಿರು ದೊಣ್ಣೆಮೆಣಸಿನಲ್ಲಿ ಖಾರ ಇಲ್ಲ. 'ಪಿಮೆಂತೋನ್' ಪುಡಿ ಕೆಂಪಾಗಿದ್ದರೂ ನಮ್ಮ ಮೆಣಸಿನ ಪುಡಿಯ ಕೆಲಸ ಮಾಡುವುದಿಲ್ಲ. ಮೊಸರಿನ ಡಬ್ಬಿಯಲ್ಲಿ 'ನಾತುರಾಲ್' ಎಂದಿರಬೇಕು, ಪಕ್ಕದಲ್ಲಿ 'ಅಸುಕಾರಾದೊ' ಇದ್ದರೆ ಸಕ್ಕರೆ ಹಾಕಿದ್ದು, 'ಎದುಲ್ಕೊರಾದೊ' ಎಂದರೆ ಬೇರೆ ಸಿಹಿಕಾರಕ. ಅದನ್ನು ತಂದು ತಂಬುಳಿ ಮಾಡಿದರೆ ಕೆಟ್ಟುಹೋಗುತ್ತದೆ.

ಸಸ್ಯಾಹಾರಿಗಳು ಬಿಸ್ಕತ್ತು, ಬನ್ನಿನ ಪೊಟ್ಟಣದಲ್ಲಿ 'ಮಾಂತೆಕಾ ದೆ ಸೆರ್ದೊ' ಇದೆಯೇ ನೋಡಬೇಕು, ಅದು ಹಂದಿ ಕೊಬ್ಬು. 'ಮಾಂತೆಕಿಯಾ' ಬೆಣ್ಣೆ. ಬಹಳಷ್ಟು ಚೀಸಿನಲ್ಲಿ ಕರುವಿನ ಹೊಟ್ಟೆಯ ಹೆಪ್ಪು ಇರುತ್ತದೆ.

ಕೆಲವು ಸೂಪರ್ ಮಾರ್ಕೆಟ್‌ಗಳಿಗೆ ಭಾನುವಾರ ರಜೆ ಇರುತ್ತದೆ. ಮೇ 1 ಕೂಡ ರಜೆ. ಶನಿವಾರ ರಾತ್ರಿ ತಲುಪುವ ಹಾಗೆ ಟಿಕೆಟ್ ಮಾಡಬೇಡಿ.

ಕುಂಬಳೆ_ಪಯಣ:
ಒಯ್ಯುವ ಸಾಮಾನಿನ ಬಗ್ಗೆ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲು ಮತ್ತು ಮಾಂಸದ ಪದಾರ್ಥ ಸ್ವಂತ ಬಳಕೆಗೂ ಒಯ್ಯುವಂತಿಲ್ಲ. ಹಾಗಾಗಿ ತುಪ್ಪ, ಪೇಡ ಬೇಡ. ಉಪ್ಪಿಲ್ಲದ 250 ಗ್ರಾಂ ಬೆಣ್ಣೆ ಅಲ್ಲೇ ಕಾಯಿಸಿದರೆ ಸುಮಾರು 200 ಗ್ರಾಂ ತುಪ್ಪ ಸಿಗುತ್ತದೆ. ಹಸಿ ಸೊಪ್ಪು, ಹಣ್ಣು, ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಆದ್ದರಿಂದ ಬೇವಿನಸೊಪ್ಪು, ವೀಳ್ಯದೆಲೆ, ಮಾವಿನಹಣ್ಣು, ಹಲಸು ಎಲ್ಲ ಊರಲ್ಲೇ ಇರಲಿ. ಅನಾನಸು, ಬಾಳೆಹಣ್ಣು, ಖರ್ಜೂರ, ತೆಂಗಿನಕಾಯಿ, ಡುರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಕೊಬ್ಬರಿಯನ್ನು ಮಾತ್ರ ವಿಮಾನದಲ್ಲಿ ಒಯ್ಯಬೇಡಿ. ತಾನಾಗಿ ಬಿಸಿಯಾಗಿ ಬೆಂಕಿ ಹಿಡಿಯುವ ಸರಕಿನ ಪಟ್ಟಿಯಲ್ಲಿದೆ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸಾರಿನ ಪುಡಿ, ಇಂಗು, ಹುಣಸೆ ರಸ ಗಟ್ಟಿ ಮಾಡಿದ್ದು ಒಯ್ಯಬಹುದು. ಉಪ್ಪಿನಕಾಯಿ ಎಣ್ಣೆ ಸೋರದ ಹಾಗೆ ಎರಡು ಪದರ ಪ್ಲಾಸ್ಟಿಕ್‌ನಲ್ಲಿ, ದೊಡ್ಡ ಪೆಟ್ಟಿಗೆಯಲ್ಲಿ.

ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45. ನಿಮ್ಮ 13ರ ಮಗುವಿಗೆ ಪೂರ್ತಿ ಶುಲ್ಕ, ಬೆರಳಚ್ಚೂ ಬೇಕು. ಎಂಟರದ್ದಕ್ಕೆ ಬೆರಳಚ್ಚು ಇಲ್ಲ. ಕನಿಷ್ಠ 30,000 ಯೂರೋ ವಿಮೆ ಪ್ರತಿಯೊಬ್ಬರಿಗೂ. ಅರ್ಜಿ ಆರು ತಿಂಗಳ ಮೊದಲೇ ಹಾಕಬಹುದು. ಏಪ್ರಿಲ್‌ವರೆಗೆ ಕಾಯಬೇಡಿ, ರಜೆಯ ನೂಕುನುಗ್ಗಲಿನಲ್ಲಿ ಸ್ಲಾಟ್ ಸಿಗುವುದಿಲ್ಲ. ಎರಡು ಮನೆಯಾದರೆ ಎರಡರ ಬುಕಿಂಗ್ ಪತ್ರವೂ ಇರಬೇಕು, ನಡುವೆ ಒಂದು ರಾತ್ರಿಯೂ ಖಾಲಿ ಬಿಡಬಾರದು.

ಮನೆ ಬಾಡಿಗೆಗೆ ಕೊಡುವವರು ಎಲ್ಲರ ಪಾಸ್‌ಪೋರ್ಟ್ ವಿವರ, ವಿಳಾಸ, ಮಕ್ಕಳೊಂದಿಗಿನ ಸಂಬಂಧ ಕೇಳುತ್ತಾರೆ. ಕಾನೂನಿನ ಪ್ರಕಾರ ಅವರು ಕೇಳಲೇಬೇಕು, ಗಾಬರಿಯಾಗಬೇಡಿ.

ನೀರ್ಚಾಲು_ಮನೆ:
ಇಷ್ಟು ವಿವರವಾಗಿ ಹೇಳಿದ್ದಕ್ಕೆ ತುಂಬಾ ಉಪಕಾರ. ರಿಸೆಪ್ಷನ್ ಇರುವ ಕಟ್ಟಡವನ್ನೇ ನೋಡುತ್ತೇವೆ. ಇನ್ನೆರಡು ಸಂಶಯ. ಆ ಗಾಜಿನ ಒಲೆಯಲ್ಲಿ ನೀರುದೋಸೆ ಏಳುತ್ತದಾ? ಮೇ ತಿಂಗಳಲ್ಲಿ ಮಕ್ಕಳು ಕಡಲಿಗೆ ಇಳಿಯುವಷ್ಟು ನೀರು ಬೆಚ್ಚಗಿರುತ್ತದಾ?

ಪೆರ್ಲ_ಅಡಿಗೆಕೋಣೆ:
ಏಳುತ್ತದೆ ಅಕ್ಕಾ. ಉದ್ದಿನ ದೋಸೆಗಿಂತ ನೀರುದೋಸೆಯೇ ಅಲ್ಲಿಗೆ ಅನುಕೂಲ, ಹುಳಿ ಬರಲು ಕಾಯಬೇಕಿಲ್ಲ. ಎರಡು ಕಪ್ ಉದ್ದಕ್ಕಿ ನಾಲ್ಕು ಗಂಟೆ ನೆನೆಸಿ, ಅರ್ಧ ಕಪ್ ಕಾಯಿತುರಿ ಹಾಕಿ ನುಣ್ಣಗೆ ಅರೆಯಿರಿ. ಸಣ್ಣ ಮಿಕ್ಸಿಯಾದರೆ ಮೂರು ಸಲಕ್ಕೆ ಹಂಚಿ, ನಡುನಡುವೆ ಮೋಟರ್ ತಣಿಯಲು ಬಿಡಿ. ಅರೆಯುವ ನೀರೂ ಸೇರಿ ನಾಲ್ಕು ಕಪ್ ನೀರು, ಉಪ್ಪು. ಹಿಟ್ಟು ಮಜ್ಜಿಗೆಯಷ್ಟು ತೆಳ್ಳಗಿರಬೇಕು.

ವಿಟ್ರೊಸೆರಾಮಿಕ್ ಒಲೆ ತಾನಾಗಿ ಕೆಂಪಾಗುತ್ತದೆ, ಆರುತ್ತದೆ, ಮತ್ತೆ ಕೆಂಪಾಗುತ್ತದೆ. ಆರಿದ ಹೊತ್ತಿಗೆ ಹೊಯ್ದರೆ ತೂತು ಬೀಳದೆ ಹಿಟ್ಟು ಕಾವಲಿಗೆ ಹಿಡಿಯುತ್ತದೆ. ಕಾವಲಿಯನ್ನು ಪೂರ್ತಿ ಉರಿಯಲ್ಲಿ ಐದು ನಿಮಿಷ ಕಾಯಿಸಿ, ಆಮೇಲೆ 9ರ ಪೈಕಿ 7ಕ್ಕೆ ಇಳಿಸಿ, ಗಾಜಿನಡಿ ಕೆಂಪು ಕಾಣುವಾಗ ಹೊಯ್ಯಿರಿ. ಹೊಯ್ದ ಕೂಡಲೇ ಮುಚ್ಚಿ. ಅಂಚು ಬಿಟ್ಟು ಎದ್ದರೆ ಆಯಿತು. ಇಂಡಕ್ಷನ್ ಆದರೆ 6 ಸಾಕು. ಖಾಲಿ ನಾನ್‌ಸ್ಟಿಕ್ ಬಾಣಲೆಯನ್ನು ಗರಿಷ್ಠದಲ್ಲಿ ಇಟ್ಟರೆ ಅಡಿ ಉಬ್ಬಿ ಮತ್ತೆ ಸಮ ಕೂರುವುದಿಲ್ಲ. ಮೊದಲ ದೋಸೆಗೆ ಮುಂಚೆ ಹೊಗೆ ಎಳೆಯುವ ಫ್ಯಾನ್ ಹಾಕಿ. ಮಿಕ್ಸಿ ಕೆಲಸ ರಾತ್ರಿ ಹತ್ತರೊಳಗೆ ಮುಗಿಸಿ ಹಿಟ್ಟು ಫ್ರಿಜ್‌ನಲ್ಲಿಡಿ; ಬೆಳಗ್ಗೆ ಆರಕ್ಕೆ ಅರೆದರೆ ಗೋಡೆಯಾಚೆಯವರಿಗೆ ನಿದ್ದೆ ಇಲ್ಲ.

ಚಂದ್ರಗಿರಿ_ತೀರ:
ಕಡಲಿನ ನೀರು ಮೇ ತಿಂಗಳಲ್ಲಿ ಸುಮಾರು 18, 19 ಡಿಗ್ರಿ. ನಮ್ಮ ಕಡಲಿನ ಬೆಚ್ಚನೆ ನೀರು ಅಭ್ಯಾಸವಾದ ಮಕ್ಕಳಿಗೆ ಮೊದಲು ಚಳಿಯೇ. ಹತ್ತು ಹದಿನೈದು ನಿಮಿಷ ಆಡಿ ಮೇಲೆ ಬರಲಿ, ತುಟಿ ನೀಲಿಯಾಗುವವರೆಗೆ ಬಿಡಬೇಡಿ. ಈಜುಕೊಳ ಇದ್ದರೆ ಅದು ಬಿಸಿ ನೀರಿನದೋ, ಮೇ ತಿಂಗಳಲ್ಲಿ ತೆರೆದಿರುತ್ತದೋ ಎಂದು ಕೇಳಿ. ಕೆಲವು ಕಟ್ಟಡಗಳಲ್ಲಿ ಜೂನ್‌ನಲ್ಲೇ ತೆರೆಯುವುದು. ಬೀಚಿನಲ್ಲಿ ಕೆಂಪು ಬಾವುಟ ಇದ್ದರೆ ಇಳಿಯುವಂತಿಲ್ಲ, ಹಳದಿಯಾದರೆ ಸೊಂಟದ ಆಳಕ್ಕಿಂತ ಆಚೆ ಬೇಡ. ನೀರು ತಣ್ಣಗಿದ್ದರೂ ಬಿಸಿಲು ಚುರುಕು, ಕತ್ತಲಾಗುವುದು ರಾತ್ರಿ ಒಂಬತ್ತರ ಮೇಲೆ. ಹನ್ನೆರಡರಿಂದ ನಾಲ್ಕರವರೆಗೆ ಊಟ, ನಿದ್ದೆ ಮುಗಿಸಿ ಐದರ ಮೇಲೆ ಹಿರಿಯರನ್ನೂ ಕರೆದುಕೊಂಡು ಇಳಿದರೆ ನಾಲ್ಕು ಗಂಟೆ ಬೆಳಕು ಸಿಗುತ್ತದೆ.