ಮರು: ‘ಕ್ರ್ಯಾಂಕ್ ಪೊಸಿಷನ್ ಸೆನ್ಸರ್’ಗೆ ಕನ್ನಡ ಪದ ಬೇಕು, ತುರ್ತು

> ಫೋಕ್ಸ್‌ವ್ಯಾಗನ್ ಬೀಟಲ್‌ನ ಹಳೆಯ 1600 ಎಂಜಿನ್ನಿಗೆ ಕ್ರ್ಯಾಂಕ್ ಪೊಸಿಷನ್ ಸೆನ್ಸರ್ ಜೋಡಿಸುವ ಕಿಟ್ ಒಂದರ ಸೂಚನಾ ಹಾಳೆಯನ್ನು ಅನುವಾದಿಸುತ್ತಿದ್ದೇನೆ. ಕರಡು ಲಗತ್ತಿಸಿದ್ದೇನೆ. ನಾಳೆ ಮಧ್ಯಾಹ್ನ ಮುದ್ರಣಕ್ಕೆ ಹೋಗಬೇಕು. ‘ವಕ್ರದಂಡ ಸ್ಥಾನ ಸಂವೇದಕ’ ನಡೆಯುತ್ತದೆಯೇ?

ನಡೆಯುವುದಿಲ್ಲ. ‘ಕ್ರ್ಯಾಂಕ್ ಸೆನ್ಸರ್’ ಎಂದೇ ಬರೆಯಿರಿ. ಈ ಹಾಳೆ ಹಿಡಿದು ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂರುವ ಮೆಕ್ಯಾನಿಕ್‌ಗೆ ಕ್ರ್ಯಾಂಕ್ ಗೊತ್ತು, ಸೆನ್ಸರ್ ಗೊತ್ತು, ವಕ್ರದಂಡ ಗೊತ್ತಿಲ್ಲ. ‘ಸ್ಥಾನ’ ಬಿಟ್ಟರೂ ನಷ್ಟವಿಲ್ಲ. ಆ ಸೆನ್ಸರ್‌ಗೆ ತಿಳಿಯುವುದು ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಜೊತೆ ಸುತ್ತುವ ಚಕ್ರದ ಹಲ್ಲೊಂದು ತನ್ನೆದುರು ಹಾದುಹೋಯಿತು ಎಂಬುದಷ್ಟೇ. ಹಲ್ಲುಗಳನ್ನು ಎಣಿಸಿ ಕೋನ ಕಂಡುಕೊಳ್ಳುವುದು ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್. ಕಾಗುಣಿತ ಮಾತ್ರ ಜೋಪಾನ. ಕರಡಿನಲ್ಲಿ ಕೆಲವೆಡೆ ‘ಸೆನ್ಸಾರ್’ ಎಂದಾಗಿದೆ. ಅದು ಚಲನಚಿತ್ರಕ್ಕೆ ಕತ್ತರಿ ಹಾಕುವವರ ಪದ.

> ‘ಬಾಗಚ್ಚಿನ ಇರವರಿಕ’ ಎನ್ನಿ. ಅಚ್ಚಗನ್ನಡದ ಬೇರುಗಳಿರುವಾಗ ಸಂಸ್ಕೃತವೂ ಬೇಡ, ಇಂಗ್ಲಿಷೂ ಬೇಡ.

ಗಾಡಿಯ ‘ಅಚ್ಚು’ ಅಚ್ಚಗನ್ನಡವಲ್ಲ, ‘ಅಕ್ಷ’ದ ತದ್ಭವ. ಬೇರಿನ ಮಾತೆತ್ತುವವರು ಬೇರನ್ನು ನೋಡಿ ಮಾತಾಡಬೇಕು. ಎಂಜಿನ್ನಿಗೆ ಬಿಣಿಗೆ, ಪಿಸ್ಟನ್ನಿಗೆ ಆಡುಬೆಣೆ ಎಂದು ಬರೆಯುವವರ ಶ್ರಮವನ್ನು ನಾನು ಗೌರವಿಸುತ್ತೇನೆ. ಎಂಜಿನ್ ಹೇಗೆ ಓಡುತ್ತದೆಂದು ಶಾಲೆಯ ಮಕ್ಕಳಿಗೆ ವಿವರಿಸುವ ಲೇಖನದಲ್ಲಿ ಅವು ಬಾಳಬಲ್ಲವು. ಸ್ಪ್ಯಾನರ್ ಹಿಡಿದವನ ಕೈಗೆ ಪದಕೋಶ ಕೊಡುವುದು ಬೇರೆಯೇ ಮಾತು.

> ‘ಕ್ರ್ಯಾಂಕ್ ಸ್ಥಾನ’ ಅರಿಸಮಾಸ. ಕೇಶಿರಾಜ ಒಪ್ಪುತ್ತಿರಲಿಲ್ಲ.

‘ಶಬ್ದಮಣಿದರ್ಪಣ’ ಎಂಬ ಹಳೆಯ ವ್ಯಾಕರಣದಲ್ಲಿ ಕೇಶಿರಾಜ ಅರಿಸಮಾಸವೆಂದು ತಡೆದದ್ದು ಸಂಸ್ಕೃತ ಮತ್ತು ಕನ್ನಡ ಪದಗಳ ಬೆರಕೆಯನ್ನು. ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ಅಲ್ಲಿಯೇ ವಿನಾಯಿತಿ ಇದೆ. ಇಂಗ್ಲಿಷ್ ಪದ ಕಂಡಲ್ಲೆಲ್ಲ ಆ ಸೂತ್ರವನ್ನು ಎಳೆದು ತಂದರೆ ‘ರೈಲು ನಿಲ್ದಾಣ’ವನ್ನೂ ಮುಚ್ಚಬೇಕಾಗುತ್ತದೆ.

ಈಗ ಯಾರೂ ಗಮನಿಸದ, ನಿಜವಾಗಿ ಅಪಾಯವಿರುವ ಪದಕ್ಕೆ ಬರುತ್ತೇನೆ: ‘ಅಂತರ’. ಕರಡಿನಲ್ಲಿ ಇದು ಎರಡು ಬೇರೆ ಸಂಗತಿಗಳಿಗೆ ಬಳಕೆಯಾಗಿದೆ. ಕಿಟ್‌ನ ಚಕ್ರದ ಸುತ್ತಳತೆಯನ್ನು 60 ಹಲ್ಲುಗಳಿಗೆ ಭಾಗ ಮಾಡಿ, ಎರಡನ್ನು ಬಿಟ್ಟು 58 ಹಲ್ಲು ಕತ್ತರಿಸಿದ್ದಾರೆ. ಒಂದು ಹಲ್ಲಿನಿಂದ ಇನ್ನೊಂದಕ್ಕೆ 6 ಡಿಗ್ರಿ. ಹಲ್ಲಿಲ್ಲದ ಆ ಜಾಗ ಹಾದುಹೋದಾಗ ಇಸಿಯುಗೆ ಸುತ್ತಿನ ಗುರುತು ಸಿಗುತ್ತದೆ. ಈ ಜಾಗವನ್ನೂ ‘ಅಂತರ’ ಎಂದಿದ್ದೀರಿ. ಹಲ್ಲಿನ ತುದಿಗೂ ಸೆನ್ಸರಿನ ಮೂತಿಗೂ ನಡುವೆ ಬಿಡಬೇಕಾದ ಒಂದು ಮಿಲಿಮೀಟರ್ ಆಸುಪಾಸಿನ ಜಾಗವನ್ನೂ ‘ಅಂತರ’ ಎಂದಿದ್ದೀರಿ. ಇದನ್ನು ಅಳೆಯುವುದು ಫೀಲರ್ ಗೇಜ್ ಎಂಬ ತೆಳು ಲೋಹದ ಪಟ್ಟಿಯಿಂದ. ‘ಅಂತರದ ಎದುರು ಸೆನ್ಸರ್ ನಿಲ್ಲಿಸಿ, ಅಂತರವನ್ನು ಫೀಲರ್ ಗೇಜಿನಿಂದ ಅಳೆಯಿರಿ’ ಎಂಬ ವಾಕ್ಯವನ್ನು ಓದಿದವನು ಹಲ್ಲಿಲ್ಲದ ಕಡೆಯಲ್ಲೇ ಅಳತೆ ಇಟ್ಟು ಬಿಗಿದುಬಿಡುತ್ತಾನೆ. ಎಂಜಿನ್ ಒಂದು ಸುತ್ತು ಮುಗಿಸುವುದರೊಳಗೆ ಮುಂದಿನ ಹಲ್ಲು ಬಂದು ಸೆನ್ಸರಿನ ಮೂತಿಯನ್ನು ಒಡೆಯುತ್ತದೆ.

ಎರಡನೆಯದಕ್ಕೆ ‘ಸಂದು’ ಸಾಕು. ಮೊದಲನೆಯದಕ್ಕೆ ನನ್ನ ಸಲಹೆ ‘ಬೊಚ್ಚು’. ಹಲ್ಲಿಲ್ಲದ ಬಾಯಿ ಬೊಚ್ಚುಬಾಯಿ ಎಂಬುದು ಎಲ್ಲರಿಗೂ ಗೊತ್ತು. ಚಕ್ರದ ಮುಳ್ಳನ್ನು ಹಲ್ಲು ಎಂದು ಒಪ್ಪಿದ ಮೇಲೆ ಹಲ್ಲಿಲ್ಲದೆಡೆ ಬೊಚ್ಚು ಎನ್ನಲು ಸಂಕೋಚ ಏಕೆ? ಹಳ್ಳಿಯ ಪದ, ತಾಂತ್ರಿಕ ಗಾಂಭೀರ್ಯವಿಲ್ಲ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ, ತಾಳ್ಮೆಯೂ ಇಲ್ಲ. ಬಿಡಿಭಾಗಗಳು ಹೆಸರು ಹೊತ್ತೇ ಬರುತ್ತವೆ. ಪೋರ್ಚುಗೀಸರಿಂದ ‘ಚಾವಿ’, ಫಾರ್ಸಿಯಿಂದ ‘ದುರಸ್ತಿ’ ಬಂದ ಹಾಗೆ ಕ್ರ್ಯಾಂಕೂ ಸೆನ್ಸರೂ ಬರಲಿ. ಕಣ್ಣಿಗೆ ಕಾಣುವ ಆಕಾರಕ್ಕೆ, ಕೈ ಮಾಡುವ ಕೆಲಸಕ್ಕೆ ನಮ್ಮಲ್ಲಿ ಬೇಕಾದಷ್ಟು ಪದಗಳಿವೆ. ಅವನ್ನು ಬಿಟ್ಟು ‘ಅಂತರ’, ‘ಸ್ಥಾನ’, ‘ಸ್ಥಿತಿ’ ಎಂಬ ಮೂರ್ನಾಲ್ಕು ಪದಗಳಲ್ಲೇ ಎಲ್ಲ ಅನುವಾದವನ್ನೂ ಮುಗಿಸುವುದರಿಂದ ಕನ್ನಡಕ್ಕೆ ಆಗುವ ಹಾನಿ ದೊಡ್ಡದು. ಎರವಲು ಪದಗಳಿಂದ ಅಷ್ಟು ಹಾನಿ ಆಗಿಲ್ಲ.

ಇನ್ನು ಕ್ರ್ಯಾಂಕ್ ಪುಲ್ಲಿಗೆ ಕರಡಿನಲ್ಲಿ ಬರೆದಿರುವ ‘ಎಂಜಿನ್ನಿನ ಮುಂದಿನ ರಾಟೆ’. ಬೇರೆ ಕಾರುಗಳ ಹಾಳೆ ನೋಡಿ ಬರೆದಂತಿದೆ. ಬೀಟಲ್‌ನ ಎಂಜಿನ್ ಕಾರಿನ ಹಿಂಬದಿಯಲ್ಲಿದೆ, ಕ್ರ್ಯಾಂಕ್ ಪುಲ್ಲಿ ಅದಕ್ಕಿಂತಲೂ ಹಿಂದೆ, ಬಂಪರಿನ ಕಡೆಗೆ. ಸಿಲಿಂಡರ್‌ಗಳ ಅಂಕಿ ಹಾಕುವಾಗ ‘ಮುಂದೆ’ ಎಂದರೆ ಕಾರಿನ ಮುಂದೆ: ಒಂದು, ಎರಡು ಬಲಗಡೆ, ಮೂರು, ನಾಲ್ಕು ಎಡಗಡೆ. ಇದನ್ನು ತಪ್ಪಿದರೆ ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್‌ನ ತಂತಿಗಳೂ ತಪ್ಪುತ್ತವೆ. ಉರಿಯುವ ಕ್ರಮ 1-4-3-2 ಆದ್ದರಿಂದ ಒಂದಕ್ಕೆ ಮೂರು ಜೋಡಿ, ನಾಲ್ಕಕ್ಕೆ ಎರಡು. ನಾಲ್ಕು ಹೊಡೆತಗಳಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗುವುದರಿಂದ ಅದರ ಸೆನ್ಸರ್‌ಗೆ ಯಾವ ಸುತ್ತು ಎಂಬುದು ತಿಳಿಯದು. ಅದಕ್ಕಾಗಿಯೇ ಜೋಡಿಯ ಎರಡು ಪ್ಲಗ್‌ಗಳಲ್ಲೂ ಒಟ್ಟಿಗೆ ಕಿಡಿ ಹಾರಿಸುತ್ತಾರೆ. ‘ವ್ಯರ್ಥ ಕಿಡಿ’ ಎಂದಿರುವುದನ್ನು ‘ಜೋಡಿ ಕಿಡಿ’ ಮಾಡಿ. ವ್ಯರ್ಥ ಎಂದು ಓದಿದವನು ಏನೋ ದೋಷವಿದೆ ಎಂದುಕೊಳ್ಳುತ್ತಾನೆ.

ಪಿಸ್ಟನ್ ಸಿಲಿಂಡರಿನ ತುದಿ ಮುಟ್ಟಿ ಹಿಂದಿರುಗುವ ಜಾಗಕ್ಕೆ ಬರೆದಿರುವ ‘ಮೇಲಿನ ನಿಶ್ಚಲ ಬಿಂದು’ವನ್ನೂ ತೆಗೆಯಿರಿ. ಈ ಎಂಜಿನ್ನಿನಲ್ಲಿ ಪಿಸ್ಟನ್‌ಗಳು ಅಡ್ಡಲಾಗಿ ಮಲಗಿವೆ, ಮೇಲೆಂಬುದೇ ಇಲ್ಲ. ಹೊಸದಾಗಿ ಕಟ್ಟುವುದಾದರೆ ‘ಹೊರತುದಿ’ ಸರಿಹೋಗುತ್ತದೆ, ಆದರೆ ಹಾಳೆಯಲ್ಲಿ ‘ಟಿಡಿಸಿ’ (ಟಾಪ್ ಡೆಡ್ ಸೆಂಟರ್) ಇರಲಿ.

‘ವಿತರಕ’ವೂ ಬೇಡ, ಅದು ಪತ್ರಿಕೆ ಹಂಚುವವನ ಹೆಸರು. ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಹಂಚುವ ಭಾಗವನ್ನು ಡಿಸ್ಟ್ರಿಬ್ಯೂಟರ್ ಎನ್ನಿ.

ಮುದ್ರಣಕ್ಕೆ ಹೀಗೆ ಕೊಡಿ:

ಕ್ರ್ಯಾಂಕ್ ಪುಲ್ಲಿಯನ್ನು ತಿರುಗಿಸಿ ಒಂದು ಹಲ್ಲನ್ನು ಸೆನ್ಸರಿನ ನೇರಕ್ಕೆ ತನ್ನಿ. ಬೊಚ್ಚು, ಅಂದರೆ ಹಲ್ಲಿಲ್ಲದ ಜಾಗ, ಸೆನ್ಸರಿನ ಎದುರು ಇರಬಾರದು. ಹಲ್ಲಿನ ತುದಿಗೂ ಸೆನ್ಸರಿಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆದು ಬೋಲ್ಟ್ ಬಿಗಿಯಿರಿ. ಬಳಿಕ ಪುಲ್ಲಿಯನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಎಲ್ಲಿಯೂ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಸಂದಿನ ಅಳತೆಯನ್ನು ನಿಮ್ಮ ಕಿಟ್‌ನ ಮೂಲ ಹಾಳೆ ನೋಡಿಯೇ ಹಾಕಿ. ಸೆನ್ಸರ್‌ಗೆ ಎರಡು ತಂತಿಯೋ ಮೂರೋ ಎಂಬುದನ್ನೂ ತಿಳಿಸಿ. ಎರಡಾದರೆ ಅವು ಅದಲುಬದಲಾಗದಂತೆ ಇನ್ನೊಂದು ವಾಕ್ಯ ಬೇಕು, ಅದನ್ನು ರಾತ್ರಿಯೊಳಗೆ ಬರೆದು ಕಳುಹಿಸುತ್ತೇನೆ.